ಮೂಗಿನ ಆಪರೇಷನ್‌ಗೆ ಇಸ್ತಾಂಬುಲ್‌ಗೆ ಹೋಗಿ ಬಂದವರು ಯಾರಾದರೂ ಇದ್ದೀರಾ?

ಲೀಡ್ಸ್_ಮಳೆ:
ಎಲ್ಲರಿಗೂ ನಮಸ್ಕಾರ. ಊರು ಶಿವಮೊಗ್ಗ, ನಾಲ್ಕು ವರ್ಷದಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ವಯಸ್ಸು 29. ನನ್ನ ಮೂಗಿನ ಮೇಲೆ ಒಂದು ದಿಬ್ಬ ಇದೆ, ತುದಿ ಕೆಳಕ್ಕೆ ಬಾಗಿದೆ. ನಕ್ಕರೆ ಇನ್ನೂ ಬಾಗುತ್ತದೆ. ಥೇಟ್ ಅಪ್ಪನ ಮೂಗು. ಅಪ್ಪನಿಗೆ ಒಪ್ಪುತ್ತದೆ, ನನಗೆ ಒಪ್ಪಿಲ್ಲ. ಹೈಸ್ಕೂಲಲ್ಲಿ ಗಿಣಿ ಅಂತ ಹೆಸರಿಟ್ಟಿದ್ದರು. ಈಗಲೂ ಯಾರಾದರೂ ಪಕ್ಕದಿಂದ ಫೋಟೊ ತೆಗೆದರೆ ಮುಖ ತಿರುಗಿಸಿಬಿಡುತ್ತೇನೆ. ಮಾಡಿಸಬೇಕಾ ಬೇಡವಾ ಅಂತ ಹತ್ತು ವರ್ಷ ಯೋಚಿಸಿ ಆಗಿದೆ. ಈಗಿನ ಪ್ರಶ್ನೆ, ಎಲ್ಲಿ?

ಇಲ್ಲಿ ಖಾಸಗಿಯಲ್ಲಿ 6,800 ಪೌಂಡ್ ಹೇಳಿದರು. ಬರೀ ಅಂದಕ್ಕೆ ಅಂದರೆ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಮಾಡುವುದಿಲ್ಲ. ಇಸ್ತಾಂಬುಲ್‌ನ ಒಂದು ಏಜೆನ್ಸಿ 3,200 ಯುರೋ ಹೇಳುತ್ತಿದೆ. ಅದರಲ್ಲೇ ಐದು ರಾತ್ರಿ ಹೋಟೆಲ್, ಏರ್‌ಪೋರ್ಟಿಗೆ ಕಾರು, ರಕ್ತ ಪರೀಕ್ಷೆ, ಔಷಧ. ವಾಟ್ಸಾಪ್‌ನಲ್ಲಿ ಮೂರು ಸೆಲ್ಫಿ ಕಳಿಸಿದೆ. ಇಪ್ಪತ್ತು ನಿಮಿಷಕ್ಕೆ ನನ್ನದೇ ಮುಖಕ್ಕೆ ಹೊಸ ಮೂಗು ಹಾಕಿ ವಾಪಸ್ ಕಳಿಸಿದರು. ನಿಜ ಹೇಳಬೇಕು ಅಂದರೆ ಆ ಫೋಟೊ ನೋಡಿ ಕಣ್ಣಲ್ಲಿ ನೀರು ಬಂತು. ಈ ವಾರ ಮುಂಗಡ ಕಟ್ಟಿದರೆ 300 ಯುರೋ ಕಡಿಮೆ ಅಂತೆ. ಬ್ರಿಟನ್ ವೀಸಾ ಇದೆ, ಅದರ ಮೇಲೆ ಟರ್ಕಿ ಇ-ವೀಸಾ ಸಿಗುತ್ತದಾ ಅಂತ ನೋಡಬೇಕು.

ಬೆಂಗಳೂರಲ್ಲೂ ಮಾಡಿಸಬಹುದು. ಆದರೆ ಅಮ್ಮನಿಗೆ ಗೊತ್ತಾಗುತ್ತದೆ. ಹೋಗಿ ಬಂದವರು ಹೇಳಿ ಪ್ಲೀಸ್.

ಬೆಣ್ಣೆದೋಸೆ_ದಾವಣಗೆರೆ:
ನೆಗಡಿ ಆಯ್ತು ಅಂತ ಯಾರಾದ್ರೂ ಮೂಗು ಕೊಯ್ಕೋತಾರಾ ಅಂತ ನಮ್ಮಜ್ಜಿ ಕೇಳೋರು. ಇಲ್ಲಿ ನೆಗಡಿನೂ ಇಲ್ಲ. 😄

ಲೀಡ್ಸ್_ಮಳೆ:
ಈ ಗಾದೆ ಬರುತ್ತದೆ ಅಂತ ಗೊತ್ತಿತ್ತು. ಮೊದಲ ಕಾಮೆಂಟೇ ಆಗುತ್ತದೆ ಅಂತ ಗೊತ್ತಿರಲಿಲ್ಲ.

ನಿರ್ವಾಹಕ:
ಎಲ್ಲರಿಗೂ ಒಂದು ಮಾತು. ಆಸ್ಪತ್ರೆ, ಏಜೆನ್ಸಿ, ಡಾಕ್ಟರ್ ಯಾರ ಹೆಸರನ್ನೂ ಇಲ್ಲಿ ಹಾಕಬೇಡಿ. ಹೊಗಳೋಕೂ ಬೇಡ, ಬೈಯೋಕೂ ಬೇಡ.

ಕಾಫಿ_ಲೋಟ:
ನಾನು ಹೋಗಿ ಬಂದವಳು. ಜರ್ಮನಿಯಿಂದ ಹೋಗಿದ್ದೆ, 2022ರ ಮೇ ತಿಂಗಳು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಕಥೆಯೇ ನನ್ನ ಕಥೆ. ವಾಟ್ಸಾಪ್, ಸೆಲ್ಫಿ, ಹೊಸ ಮೂಗಿನ ಫೋಟೊ, 'ಈ ವಾರ ಮಾತ್ರ' ರಿಯಾಯಿತಿ. ಏರ್‌ಪೋರ್ಟಲ್ಲಿ ಹೆಸರಿನ ಬೋರ್ಡ್ ಹಿಡಿದುಕೊಂಡು ನಿಂತಿದ್ದರು. ಹೋಟೆಲ್ ತುಂಬ ಚೆನ್ನಾಗಿತ್ತು. ಡಾಕ್ಟರನ್ನು ಮೊದಲ ಸಲ ನೋಡಿದ್ದು ಮಾತ್ರ ಆಪರೇಷನ್ ದಿನ ಬೆಳಗ್ಗೆ 9ಕ್ಕೆ. ಆಗಲೇ ಹಸಿರು ಗೌನ್ ಹಾಕಿಕೊಂಡು ಕೂತಿದ್ದೆ. ಪೆನ್ನು ತಗೊಂಡು ಮೂಗಿನ ಮೇಲೆ ಎರಡು ಗೆರೆ ಎಳೆದರು, ದುಭಾಷಿ ಹುಡುಗಿ ಎರಡು ಮಾತು ಹೇಳಿದಳು, ಏಳು ನಿಮಿಷಕ್ಕೆ ಮುಗಿಯಿತು. ಆಮೇಲೆ ಟರ್ಕಿಶ್ ಭಾಷೆಯ ಕಾಗದಕ್ಕೆ ಸಹಿ ಹಾಕಿದೆ. ಉಸಿರಾಟ ಹೇಗಿದೆ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮೂಗು ಇರುವುದೇ ಉಸಿರಾಡೋಕೆ ಅನ್ನುವುದು ಇಬ್ಬರಿಗೂ ಮರೆತುಹೋಗಿತ್ತು.

ನೋವು ಅಷ್ಟೇನಿಲ್ಲ, ಅದಕ್ಕೆ ಹೆದರಬೇಡಿ. ಕಷ್ಟ ಅಂದರೆ ಬಾಯಲ್ಲಿ ಉಸಿರಾಡುವುದು. ರಾತ್ರಿಯಿಡೀ ತುಟಿ, ಗಂಟಲು ಒಣಗಿ ಸೀಳಿದ ಹಾಗೆ. ಮೂಗಿನ ಕೆಳಗೆ ಮೀಸೆ ಥರ ಒಂದು ಹತ್ತಿ ಪಟ್ಟಿ, ಗಂಟೆಗೊಮ್ಮೆ ಬದಲಾಯಿಸಬೇಕು. ತಲೆ ಎತ್ತರದಲ್ಲಿ ಇರಬೇಕು ಅಂತ ಹೋಟೆಲಿನ ಆರು ದಿಂಬು ಒಟ್ಟಿ, ಕೂತ ಹಾಗೇ ನಿದ್ದೆ. ಸೀನು ಬಂದರೆ ಬಾಯಿ ಅಗಲ ಮಾಡಿಯೇ ಸೀನಬೇಕು. ಒಬ್ಬಳೇ ಹೋಗಿದ್ದೆ, ಅದು ದೊಡ್ಡ ತಪ್ಪು. ಎರಡನೇ ರಾತ್ರಿ ತಲೆಸುತ್ತು ಬಂದು ಬಚ್ಚಲಿನ ನೆಲದಲ್ಲಿ ಅರ್ಧ ಗಂಟೆ ಕೂತಿದ್ದೆ.

ಆರನೇ ದಿನ ಒಳಗಿನ ಪಟ್ಟಿ ಎಳೆದು ತೆಗೆದರು. ಒಂದೊಂದೂ ಬೆರಳುದ್ದ! ಮಿದುಳೇ ಬಂತೇನೋ ಅನ್ನಿಸಿತು, ಆದರೆ ಮರುಕ್ಷಣ ಗಾಳಿ ಒಳಗೆ ಹೋದ ಸುಖ ಇದೆಯಲ್ಲ! ಏಳನೇ ದಿನ ವಿಮಾನ. ವಾಪಸ್ ಬರುವಾಗ ಗೇಟ್ ಹತ್ತಿರ ನೋಡಬೇಕಿತ್ತು. ಅರ್ಧ ಜನಕ್ಕೆ ತಲೆಗೆ ಪಟ್ಟಿ, ಅವರು ಕೂದಲು ನೆಡಿಸಿಕೊಂಡವರು. ಇನ್ನರ್ಧ ನಮ್ಮ ಥರ ಮೂಗಿಗೆ ಟೇಪು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಕಥೆ ಶುರುವಾಗಿದ್ದು ಮೂರನೇ ತಿಂಗಳು. ಬಲ ಹೊಳ್ಳೆ ಕಟ್ಟಿಕೊಳ್ಳೋಕೆ ಶುರುವಾಯ್ತು. ವಾಟ್ಸಾಪ್ ಮಾಡಿದರೆ 'ಫೋಟೊ ಕಳಿಸಿ' ಅಂತ ಉತ್ತರ. ಉಸಿರನ್ನು ಹೇಗೆ ಫೋಟೊ ತೆಗೆಯೋದು? 'ಊತ ಇರುತ್ತೆ, ಒಂದು ವರ್ಷ ಕಾಯಿರಿ' ಅಂದರು. ಐದನೇ ತಿಂಗಳಿಗೆ ನನ್ನ ಜೊತೆ ಮಾತಾಡುತ್ತಿದ್ದ ಹುಡುಗಿ ಕೆಲಸ ಬಿಟ್ಟಿದ್ದಳು. ಹೊಸಬನಿಗೆ ಮತ್ತೆ ಮೊದಲಿಂದ ಕಥೆ. ಇಲ್ಲಿನ ಡಾಕ್ಟರ್ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, 'ಒಳಗೆ ಏನೇನು ಮಾಡಿದ್ದಾರೆ ಅನ್ನೋ ವರದಿ ಎಲ್ಲಿ?' ನನ್ನ ಹತ್ತಿರ ಇದ್ದಿದ್ದು ಟರ್ಕಿಶ್‌ನಲ್ಲಿ ಎರಡು ಪುಟ, ಅದರಲ್ಲಿ ಮಾತ್ರೆ ಹೆಸರು ಬಿಟ್ಟರೆ ಬೇರೇನೂ ಇಲ್ಲ. ಇನ್ನೊಬ್ಬರು ಮಾಡಿದ ಮೂಗಿಗೆ ಕೈ ಹಾಕೋಕೆ ಅವರಿಗೂ ಮನಸ್ಸಿಲ್ಲ. ಇನ್ನೊಂದು ವಿಷಯ. ಅಂದಕ್ಕಾಗಿ ಮಾಡಿಸಿಕೊಂಡ ಆಪರೇಷನ್ನಿಂದ ತೊಂದರೆಯಾದರೆ ಚಿಕಿತ್ಸೆಯ ಖರ್ಚಲ್ಲಿ ರೋಗಿಯೂ ಪಾಲು ಕೊಡಬೇಕು ಅಂತ ಜರ್ಮನಿಯಲ್ಲಿ ಕಾನೂನೇ ಇದೆ. ವಿಮೆ ಇದೆಯಲ್ಲ ಅಂತ ನಿಶ್ಚಿಂತೆಯಾಗಿದ್ದೆ.

ಹಾಗಂತ ಮೂಗು ಕೆಟ್ಟಿದೆ ಅಂತ ಅಲ್ಲ. ಪಕ್ಕದಿಂದ ಫೋಟೊ ನೋಡಿದರೆ ಈಗಲೂ ಖುಷಿ. ಎಡಕ್ಕೆ ಮಲಗಿದರೆ ಆರಾಮ. ಬಲಕ್ಕೆ ಮಲಗೋಕಾಗಲ್ಲ.

ಲೀಡ್ಸ್_ಮಳೆ:
ಅಕ್ಕ, ಎರಡು ಸಲ ಓದಿದೆ. ಒಂದು ಕೇಳಲಾ? ಮತ್ತೆ ಮಾಡಿಸುವ ಅವಕಾಶ ಸಿಕ್ಕರೆ ಮಾಡಿಸುತ್ತಿದ್ದಿರಾ?

ಕಾಫಿ_ಲೋಟ:
ಮಾಡಿಸುತ್ತಿದ್ದೆ. ಆದರೆ ಎಂಟನೇ ತಿಂಗಳಲ್ಲೂ ಹೋಗಿ ಬಾಗಿಲು ತಟ್ಟೋಕಾಗುವ ಡಾಕ್ಟರ್ ಹತ್ತಿರ.

ಬ್ಯಾಂಕಾಕ್_ರಿಟರ್ನ್:
ನನ್ನದು ಉಲ್ಟಾ ಕೇಸು. ಚಪ್ಪಟೆ ಮೂಗು, ಎತ್ತರ ಬೇಕಿತ್ತು. ಬ್ಯಾಂಕಾಕ್‌ನಲ್ಲಿ ಸಿಲಿಕೋನ್ ಪಟ್ಟಿ ಇಟ್ಟರು, ಒಂದು ಗಂಟೆ ಕೆಲಸ, ಮೂರೇ ದಿನಕ್ಕೆ ತಿರುಗಾಡಿಕೊಂಡಿದ್ದೆ. ನಾಲ್ಕು ವರ್ಷ ಚೆನ್ನಾಗಿತ್ತು. ಆಮೇಲೆ ತುದಿಯ ಚರ್ಮ ಕೆಂಪಾಗಿ ತೆಳ್ಳಗಾಗುತ್ತಾ ಬಂತು, ಒಳಗಿನ ಪಟ್ಟಿ ಹೊರಗೆ ಬರೋ ಸೂಚನೆ. ತೆಗೆಸಿದೆ. ನನಗೆ ಗೊತ್ತಾದದ್ದು ಇಷ್ಟು: ಥಾಯ್ಲೆಂಡ್, ಕೊರಿಯಾದ ಡಾಕ್ಟರುಗಳ ಕೈ ಪಳಗಿರುವುದು ಮೂಗು ಎತ್ತರಿಸುವುದರಲ್ಲಿ. ಅಲ್ಲಿಯವರು ಕೇಳುವುದೇ ಅದನ್ನು. ಟರ್ಕಿ, ಇರಾನ್ ಕಡೆಯವರಿಗೆ ದಿಬ್ಬ ಇಳಿಸಿ ರೂಢಿ. ಟೆಹರಾನ್‌ನಲ್ಲಂತೂ ಮೂಗಿಗೆ ಟೇಪು ಹಾಕಿಕೊಂಡೇ ಕಾಲೇಜಿಗೆ ಹೋಗುತ್ತಾರೆ. ತಂಗಿ, ನಿಮ್ಮ ಮೂಗಿನ ಲೆಕ್ಕಕ್ಕೆ ಇಸ್ತಾಂಬುಲ್ ಅನ್ನುವುದು ತಪ್ಪು ಊರೇನಲ್ಲ. ಏಜೆನ್ಸಿ ಮಾತ್ರ ತಪ್ಪು ಬಾಗಿಲು.

ಗಾಂಧಿಬಜಾರ್_ಹುಡುಗ:
2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಸಂಘರ್ಷದಲ್ಲಿ ಪಾಕಿಸ್ತಾನದ ಪರ ನಿಂತ ಟರ್ಕಿಗೆ ದುಡ್ಡು ಕೊಡಬೇಕಾ ಅಂತ ನನ್ನ ಪ್ರಶ್ನೆ.

ಲೀಡ್ಸ್_ಮಳೆ:
ಅದೂ ತಲೆಯಲ್ಲಿದೆ. ಆದರೆ ಇಲ್ಲಿಂದ ನಾಲ್ಕು ಗಂಟೆ ವಿಮಾನ, ಆಮಿಷ ದೊಡ್ಡದು.

ಇಎನ್‌ಟಿ_ಹುಬ್ಬಳ್ಳಿ:
ನಾನು ಕಿವಿ-ಮೂಗು-ಗಂಟಲು ಡಾಕ್ಟರ್. ಇಲ್ಲಿ ಯಾರಿಗೂ ಚಿಕಿತ್ಸೆ ಹೇಳುತ್ತಿಲ್ಲ, ಸುಮ್ನೆ ತಿಳಿಯಲಿ ಅಂತ ಬರೆಯುತ್ತಿದ್ದೇನೆ.

ನೋಡ್ರಿ, ನಿಮ್ಮ ಕಿವಿ ಮಡಚಿ ನೋಡಿ. ಬಾಗುತ್ತೆ, ಬಿಟ್ಟರೆ ಮತ್ತೆ ನಿಲ್ಲುತ್ತೆ. ಅಂಥದ್ದೇ ಮೆತ್ತೆಲುಬು ಮೂಗಿನ ಕೆಳಗಿನ ಭಾಗದಲ್ಲೂ ಇರುವುದು. ಮೇಲಿನ ಮೂರನೇ ಒಂದು ಭಾಗ ಮಾತ್ರ ಗಟ್ಟಿ ಎಲುಬು. ಎರಡು ಹೊಳ್ಳೆಗಳ ನಡುವಿನ ಗೋಡೆ ಒಂಥರಾ ಗುಡಾರದ ಕಂಬ. ದಿಬ್ಬ ಕೆತ್ತುವಾಗ ಕಂಬಕ್ಕೂ ಬಟ್ಟೆಗೂ ಇರುವ ಹಿಡಿತ ಸಡಿಲವಾಗುತ್ತದೆ. ಅದನ್ನು ಮತ್ತೆ ಸರಿಯಾಗಿ ಕಟ್ಟದೇ ಹೋದರೆ ನಡುಭಾಗ ತಿಂಗಳುಗಟ್ಟಲೆ ನಿಧಾನವಾಗಿ ಒಳಕ್ಕೆ ಕುಸಿಯುತ್ತದೆ. ಮೂರನೇ ತಿಂಗಳಿಗೆ ಉಸಿರು ಕಟ್ಟಿತು ಅಂದ ಅಕ್ಕನವರ ಸಮಸ್ಯೆ ಇದೇ ಅಂತ ನೋಡದೇ ಹೇಳಲಾರೆ, ಆದರೆ ಇಂಥವರು ನಮ್ಮ ಹತ್ತಿರ ಬರುತ್ತಾರೆ. ಮನೆಯಲ್ಲೇ ಒಂದು ನೋಡಿ. ಕಟ್ಟಿದ ಕಡೆಯ ಕೆನ್ನೆಯನ್ನು ಎರಡು ಬೆರಳಿಂದ ಮೆಲ್ಲಗೆ ಪಕ್ಕಕ್ಕೆ ಎಳೆದು ಉಸಿರು ತಗೊಳ್ಳಿ. ಥಟ್ಟನೆ ಸಲೀಸಾದರೆ ದಾರಿ ಅಲ್ಲೇ ಕಿರಿದಾಗಿದೆ ಅಂತ ಅನುಮಾನ ಪಡಬಹುದು. ಇದೇ ಕೊನೆ ಮಾತಲ್ಲ, ಒಳಗೆ ನೋಡಲೇಬೇಕು.

ಎರಡನೇದು, ಚರ್ಮ. ನಮ್ಮ ಕಡೆ ಬಹಳ ಜನರ ಮೂಗಿನ ತುದಿಯ ಚರ್ಮ ದಪ್ಪ. ಕಂಬಳಿ ಹೊದಿಸಿದ ಹಾಗೆ. ಒಳಗೆ ಎಷ್ಟೇ ನಾಜೂಕಾಗಿ ಕೆತ್ತಿದರೂ ಮೇಲೆ ಕಾಣೋದು ಕಮ್ಮಿ, ಊತ ಇಳಿಯೋಕೆ ಒಂದು ವರ್ಷ, ಕೆಲವರಿಗೆ ಅದಕ್ಕೂ ಜಾಸ್ತಿ. ಕಂಪ್ಯೂಟರಿನ ಫೋಟೊಗೆ ಚರ್ಮ ಇಲ್ಲ. ಅದಕ್ಕೇ ಇಪ್ಪತ್ತು ನಿಮಿಷದಲ್ಲಿ ಮೂಗು ಆಗುತ್ತೆ.

ಮೂರನೇದನ್ನು ಯಾರೂ ಕೇಳಲ್ಲ. ಮೂಗಿಗೆ ಊರುಗೋಲು ಕೊಡೋಕೆ ಬೇಕಾದ ಮೆತ್ತೆಲುಬನ್ನು ಮೊದಲು ಆ ನಡುಗೋಡೆಯಿಂದಲೇ ತೆಗೆಯುತ್ತೇವೆ. ಅದು ಬಂಡವಾಳ. ಮೊದಲ ಆಪರೇಷನ್ನಲ್ಲೇ ಖರ್ಚಾಗಿದ್ದರೆ ಎರಡನೇ ಸಲ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ತೆಗೀಬೇಕು. ರಿಪೇರಿ ಕೆಲಸ ಮೊದಲಿನದಕ್ಕಿಂತ ಕಷ್ಟ, ಖರ್ಚೂ ಜಾಸ್ತಿ. ಸಾಮಾನ್ಯವಾಗಿ ಒಂದು ವರ್ಷ ಆಗುವ ತನಕ ಯಾರೂ ಮುಟ್ಟುವುದಿಲ್ಲ. ಹಾಗಾಗಿ ಎಲ್ಲೇ ಮಾಡಿಸಿ, ಆಪರೇಷನ್ನಿನ ಪೂರ್ತಿ ಟಿಪ್ಪಣಿ ಕೈಗೆ ಬರದೆ ಊರು ಬಿಡಬೇಡಿ. ಎಷ್ಟು ತೆಗೆದರು, ಎಲ್ಲಿಂದ ತೆಗೆದರು, ಎಲ್ಲಿ ಇಟ್ಟರು. ಇಂಗ್ಲಿಷಿನಲ್ಲಿ.

ವಿಮಾನ ಹತ್ತೋಕೆ ಮುಖದ ಆಪರೇಷನ್ ಆದಮೇಲೆ 7ರಿಂದ 10 ದಿನ ಬಿಡಿ ಅಂತ ಎನ್‌ಎಚ್‌ಎಸ್ ಹೇಳುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಐದು ರಾತ್ರಿ ಪ್ಯಾಕೇಜು ಅಂದಿದ್ದು ಓದಿ ನನಗೆ ಅದೇ ಚುಚ್ಚಿತು.

ಹಳೇ_ಮೈಸೂರು:
ಡಾಕ್ಟ್ರೇ, ಚೆನ್ನಾಗಿ ಹೇಳಿದಿರಿ. ಒಂದು ಹಳೇ ಕಥೆ ಹೇಳಿ ಹೋಗುತ್ತೇನೆ, ವಿಷಯಕ್ಕೆ ಹತ್ತಿರದ್ದೇ. ಇವತ್ತು ನಮ್ಮ ಹುಡುಗಿ ಮೂಗಿಗೆ ಪರದೇಶಕ್ಕೆ ಹೊರಟಿದ್ದಾಳೆ. ಇನ್ನೂರು ವರ್ಷದ ಹಿಂದೆ ಇದೇ ವಿದ್ಯೆ ಇಲ್ಲಿಂದ ಲಂಡನ್ನಿಗೆ ಹೋಯಿತು. ಅದರ ಬುಡ ನಮ್ಮ ಶ್ರೀರಂಗಪಟ್ಟಣದ ಯುದ್ಧದಲ್ಲಿದೆ.

1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಅನ್ನುವವನು ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕ. ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಕಳಿಸಿದರು. ವರ್ಷದ ಮೇಲೆ ಮೂಗಿಲ್ಲದೆ ಇದ್ದ. ಆಮೇಲೆ ಪುಣೆ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಮೂಗು ಮಾಡಿಕೊಟ್ಟ. ಹೇಗೆ ಗೊತ್ತಾ? ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಚಪ್ಪಟೆ ಮಾಡಿ ಹಣೆ ಮೇಲಿಟ್ಟು, ಸುತ್ತ ಗೆರೆ ಎಳೆದು, ಅಷ್ಟು ಚರ್ಮ ಬಿಡಿಸಿ, ಎರಡು ಕಣ್ಣಿನ ನಡುವೆ ಒಂದು ತೊಟ್ಟು ಹಾಗೇ ಬಿಟ್ಟು, ಕೆಳಕ್ಕೆ ತಿರುಗಿಸಿ ಕೂರಿಸಿದ. ಆ ತೊಟ್ಟಿನಿಂದ ರಕ್ತ ಹರಿಯುವುದರಿಂದ ಚರ್ಮ ಸಾಯುವುದಿಲ್ಲ. ಹಿಡಿದುಕೊಂಡ ಮೇಲೆ ತೊಟ್ಟು ಕತ್ತರಿಸಿದರಾಯಿತು. ಇದರ ವಿವರ 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್'ನಲ್ಲಿ ಚಿತ್ರದ ಜೊತೆ ಅಚ್ಚಾಯಿತು. ಕಾರ್ಪ್ಯೂ ಅನ್ನುವ ಲಂಡನ್ನಿನ ಸರ್ಜನ್ 1814ರಲ್ಲಿ ಇದೇ ರೀತಿ ಮಾಡಿ, 1816ರಲ್ಲಿ ಪುಸ್ತಕ ಬರೆದ. ಸುಶ್ರುತ ಸಂಹಿತೆಯಲ್ಲಿ ಇರುವುದು ಕೆನ್ನೆಯ ಚರ್ಮದ್ದು, ಇದು ಹಣೆಯದ್ದು.

ಬೆಣ್ಣೆದೋಸೆ_ದಾವಣಗೆರೆ:
ಸರ್, ಆ ಇಟ್ಟಿಗೆಯವರೂ ವಾಟ್ಸಾಪ್‌ನಲ್ಲಿ ಮುಂಗಡ ಕೇಳ್ತಿದ್ರಾ?

ಹಳೇ_ಮೈಸೂರು:
ಇಲ್ಲಪ್ಪ. ಆದರೆ ಆಪರೇಷನ್ ಆದಮೇಲೆ ಐದಾರು ದಿನ ರೋಗಿಯನ್ನು ಅಂಗಾತ ಮಲಗಿಸಿಯೇ ಇಡುತ್ತಿದ್ದರು.

ನಿರ್ವಾಹಕ:
ಟಿಪ್ಪು ಬಗ್ಗೆ ಜಗಳ ಆಡುವವರು ದಯವಿಟ್ಟು ಬೇರೆ ಕಡೆ ಹೋಗಿ. ಎಂಟು ಕಾಮೆಂಟ್ ತೆಗೆದಿದ್ದೇನೆ.

ಮದುವೆ_ಫೋಟೊಗ್ರಾಫರ್:
ನಾನು ಡಾಕ್ಟರ್ ಅಲ್ಲ, ಆದರೆ ಮುಖ ನೋಡುವುದೇ ನನ್ನ ಹೊಟ್ಟೆಪಾಡು. ಮೇಡಂ, ಸೆಲ್ಫಿ ನೋಡಿ ಮೂಗು ಅಳೀಬೇಡಿ. ಫೋನು ಮುಖಕ್ಕೆ ಹತ್ತಿರ ಇದ್ದಷ್ಟೂ ಮುಂದೆ ಇರುವ ಮೂಗು ದೊಡ್ಡದಾಗಿ ಬೀಳುತ್ತೆ, ಹಿಂದಿರುವ ಕಿವಿ ಸಣ್ಣದಾಗುತ್ತೆ. ಅಮೆರಿಕದವರು 2018ರಲ್ಲಿ ಲೆಕ್ಕ ಹಾಕಿದ್ದಾರೆ. 12 ಇಂಚು ದೂರದ ಸೆಲ್ಫಿಯಲ್ಲಿ ಮೂಗಿನ ಅಗಲ ಸುಮಾರು 30% ಜಾಸ್ತಿ ಕಾಣುತ್ತೆ. 5 ಅಡಿ ದೂರದಿಂದ ತೆಗೆದರೆ ಆ ತೊಂದರೆ ಇಲ್ಲ. ಯಾರ ಕೈಲಾದರೂ ಫೋನ್ ಕೊಟ್ಟು, ಐದಾರು ಅಡಿ ದೂರ ನಿಲ್ಲಿಸಿ, ಜೂಮ್ ಮಾಡಿ ತೆಗೆಸಿ. ಕಿಟಕಿ ಬೆಳಕಿರಲಿ. ಫಿಲ್ಟರ್ ಬೇಡ.

ಲೀಡ್ಸ್_ಮಳೆ:
ರೂಮ್‌ಮೇಟ್ ಹತ್ತಿರ ತೆಗೆಸಿ ನೋಡಿದೆ. ನೀವು ಹೇಳಿದ್ದು ನಿಜ, ಅಗಲ ಕಡಿಮೆಯಾಯ್ತು. ದಿಬ್ಬ ಅಲ್ಲೇ ಇದೆ. 😐

ಇಬ್ಬರ_ಅಮ್ಮ:
ಮಗಳೇ, ಬಯ್ಯೋಕೆ ಬಂದಿಲ್ಲ. ನನ್ನ ಮಗಳಿಗೆ ಬೆಂಗಳೂರಲ್ಲಿ ಮೂಗಿನ ನಡುಗೋಡೆ ಸೊಟ್ಟ ಇದ್ದಿದ್ದಕ್ಕೆ ಆಪರೇಷನ್ ಆಯ್ತು, ವಿಮೆಯಲ್ಲೇ ಆಯ್ತು. ಅಂದಕ್ಕೆ ಅಂತಿದ್ದರೆ ವಿಮೆಯವರು ಕೊಡ್ತಿರಲಿಲ್ಲ. ಮೊದಲನೇ ರಾತ್ರಿ ಅವಳು ಕನಿಷ್ಠ ಹತ್ತು ಸಲ ಎದ್ದಳು. ಪ್ರತಿ ಸಲ ಒಂದು ಚಮಚ ನೀರು, ತುಟಿಗೆ ಒಂಚೂರು ತುಪ್ಪ. ಇಷ್ಟೇ ನಾನು ಮಾಡಿದ್ದು. ಆದರೆ ಅಷ್ಟು ಮಾಡೋಕೆ ಒಬ್ಬರು ಬೇಕು. ಅಮ್ಮನಿಗೆ ಗೊತ್ತಾಗುತ್ತೆ ಅಂತ ಹೆದರಿ ಗೊತ್ತಿಲ್ಲದ ಊರಿನ ಹೋಟೆಲಲ್ಲಿ ಒಬ್ಬಳೇ ಮಲಗೋದು ಯಾವ ಲೆಕ್ಕ? ಹೇಗಿದ್ದರೂ ಮುಖ ನೋಡಿದ ಮೇಲೆ ಗೊತ್ತಾಗೇ ಆಗುತ್ತೆ ಅಲ್ವಾ?

ಇಎನ್‌ಟಿ_ಹುಬ್ಬಳ್ಳಿ:
ಅಮ್ಮ ಹೇಳಿದ್ದು ಸರಿ. ಇನ್ನೊಂದು ಸೇರಿಸುತ್ತೇನೆ, ಲೀಡ್ಸ್ ಅವರೇ, ಇದು ನಿಮಗೆ ಅಂತಲೇ ಅಲ್ಲ. ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ನೋಡುವುದು, ಮೂಗಿನ ದೆಸೆಯಿಂದ ಆಫೀಸು, ಮದುವೆ ಮನೆ ತಪ್ಪಿಸುವುದು, ಬೇರೆಯವರ ಕಣ್ಣಿಗೆ ಬೀಳದ ಕೊರತೆ ನಮಗೆ ಬೆಟ್ಟದಷ್ಟು ಕಾಣುವುದು, ಇವು ಇದ್ದರೆ ಮೊದಲು ಮಾನಸಿಕ ವೈದ್ಯರನ್ನು ನೋಡಬೇಕು. ಅಂಥವರಿಗೆ ಎಷ್ಟು ಒಳ್ಳೆ ಮೂಗು ಮಾಡಿದರೂ ಸಮಾಧಾನ ಆಗುವುದಿಲ್ಲ. ಮೂಗಿನ ಆಪರೇಷನ್ ಕೇಳಿಕೊಂಡು ಬರುವವರಲ್ಲಿ ಇಂಥವರು ಕಡಿಮೆಯೇನಿಲ್ಲ. ಒಳ್ಳೆ ಸರ್ಜನ್ ಇವರನ್ನು ವಾಪಸ್ ಕಳಿಸುತ್ತಾನೆ. ಏಜೆನ್ಸಿ ಯಾರನ್ನೂ ವಾಪಸ್ ಕಳಿಸುವುದಿಲ್ಲ.

ಬ್ಯಾಂಕಾಕ್_ರಿಟರ್ನ್:
ಮತ್ತೆ ಇದನ್ನೂ ಕೇಳಿ: ಕತ್ತಿ ಹಿಡಿಯುವವರು ಯಾರು? ಕೊರಿಯಾದಲ್ಲಿ ಮಾತಾಡಿದ ಡಾಕ್ಟರ್ ಒಬ್ಬರು, ಅರಿವಳಿಕೆ ಕೊಟ್ಟ ಮೇಲೆ ಕೊಯ್ಯುವವರು ಇನ್ನೊಬ್ಬರು ಅನ್ನೋ ಹಗರಣ ಎಷ್ಟು ದೊಡ್ಡದಾಯ್ತು ಅಂದರೆ, 2023ರ ಸೆಪ್ಟೆಂಬರಿಂದ ಪ್ರಜ್ಞೆ ತಪ್ಪಿಸಿ ಮಾಡುವ ಆಪರೇಷನ್ ಕೋಣೆಯಲ್ಲಿ ಸಿಸಿಟಿವಿ ಕಡ್ಡಾಯ ಮಾಡಿದರು. ಟರ್ಕಿಯಲ್ಲಿ ಹೊರದೇಶದ ರೋಗಿಗಳನ್ನು ತಗೊಳ್ಳೋಕೆ ಆಸ್ಪತ್ರೆಗೂ ಏಜೆನ್ಸಿಗೂ ಆರೋಗ್ಯ ಇಲಾಖೆಯ ಅನುಮತಿ ಪತ್ರ ಬೇಕು. ಅದನ್ನು ತೋರಿಸಿ ಅನ್ನಿ.

ಲೀಡ್ಸ್_ಮಳೆ:
ಮೂರು ವಾರ ಆಯ್ತು, ಏನಾಯ್ತು ಅಂತ ಹೇಳುತ್ತೇನೆ.

ಏಜೆನ್ಸಿಗೆ ನಾಲ್ಕೇ ಪ್ರಶ್ನೆ ಕಳಿಸಿದೆ. ಆಪರೇಷನ್ ಮಾಡುವವರು ಯಾರು, ಮೊದಲೇ ಅವರ ಜೊತೆ ಮಾತಾಡಬಹುದಾ, ಪೂರ್ತಿ ಟಿಪ್ಪಣಿ ಕೊಡುತ್ತೀರಾ, ಅನುಮತಿ ಪತ್ರ ಎಲ್ಲಿ. ಉತ್ತರವಾಗಿ ಒಂದು ಹೃದಯದ ಚಿತ್ರ ಬಂತು, ಇನ್ನೂ 200 ಯುರೋ ಕಡಿಮೆ ಬಂತು. ಅಲ್ಲಿಗೆ ಬಿಟ್ಟೆ.

ಇಸ್ತಾಂಬುಲ್‌ನಲ್ಲೇ ಇನ್ನೊಬ್ಬ ಸರ್ಜನ್ ಸಿಕ್ಕರು. ಏಜೆನ್ಸಿ ಇಲ್ಲ, ಅವರೇ ವಿಡಿಯೊದಲ್ಲಿ ಮಾತಾಡಿದರು. ಕೇಳಿದ ಮೊದಲ ಪ್ರಶ್ನೆ 'ಉಸಿರಾಟ ಹೇಗಿದೆ?' ಖುಷಿಯಾಯ್ತು. ಹತ್ತು ದಿನ ಅಲ್ಲೇ ಇರಬೇಕು, ಆರು ತಿಂಗಳಿಗೂ ವರ್ಷಕ್ಕೂ ಒಮ್ಮೊಮ್ಮೆ ಬರಬೇಕು ಅಂದರು. ದರ 5,500 ಯುರೋ. ವಿಮಾನ, ಹೋಟೆಲ್, ಮೂರು ಸಲದ ರಜೆ ಎಲ್ಲ ಕೂಡಿಸಿದರೆ ಲೀಡ್ಸ್‌ನ 6,800 ಪೌಂಡಿಗೆ ಹತ್ತಿರ ಹತ್ತಿರ ಬಂತು. ಅಗ್ಗ ಅಂತ ಹೊರಟಿದ್ದು, ಸರಿಯಾಗಿ ಮಾಡೋರ ಹತ್ತಿರ ಹೋದರೆ ಅಗ್ಗವೇ ಅಲ್ಲ.

ಈ ನಡುವೆ ಇಲ್ಲಿ ತೋರಿಸಿದೆ. ನನ್ನ ನಡುಗೋಡೆ ಎಡಕ್ಕೆ ವಾಲಿದೆಯಂತೆ. ಹುಟ್ಟಿದಾಗಿಂದ ಅರ್ಧ ಮೂಗಲ್ಲೇ ಉಸಿರಾಡುತ್ತಿದ್ದೆ ಅಂತ ಕಾಣುತ್ತೆ, ಎಲ್ಲರಿಗೂ ಹೀಗೇ ಅಂದುಕೊಂಡಿದ್ದೆ.

ಕೊನೆಗೆ ಭಾನುವಾರ ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಸುಮ್ಮನಾದಳು. ಹಿಂದಿನಿಂದ ಅಪ್ಪನ ದನಿ, 'ಏನಂತೆ?' 'ನಿಮ್ಮ ಮೂಗು ಬೇಡ್ವಂತೆ ಅವಳಿಗೆ' ಅಂದಳು. ಅಪ್ಪ ಫೋನ್ ಹತ್ತಿರ ಬಂದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, 'ನಂಗೂ ಗಿಣಿ ಅಂತಿದ್ರು ಕಣೇ' ಅಂದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ದಿನ ಹೇಳಿರಲಿಲ್ಲ. ಆಮೇಲೆ, 'ನೋವಾಗುತ್ತಾ?' ಅಂತ ಕೇಳಿದರು.

ಡಿಸೆಂಬರಿನಲ್ಲಿ ನಾಲ್ಕು ವಾರ ಊರಿಗೆ ಬರುತ್ತಿದ್ದೇನೆ. ಬೆಂಗಳೂರಲ್ಲಿ ಇಬ್ಬರು ಡಾಕ್ಟರ ಹತ್ತಿರ ತೋರಿಸುವುದು, ಅಷ್ಟೇ. ಮಾಡಿಸುವುದು ಆಮೇಲೆ. ಎಲ್ಲಿ ಅನ್ನುವುದೂ ಆಮೇಲೆ.

ಕಾಫಿ_ಲೋಟ:
ನಾನೂ ಡಿಸೆಂಬರಲ್ಲಿ ಬೆಂಗಳೂರಲ್ಲಿರುತ್ತೇನೆ, ನನ್ನ ಬಲ ಹೊಳ್ಳೆ ತೋರಿಸೋಕೆ. ಡಾಕ್ಟ್ರೇ, ಕೆನ್ನೆ ಎಳೆದು ನೋಡಿದೆ. ಗಾಳಿ ಸರಾಗವಾಗಿ ಹೋಯಿತು. ಅಡುಗೆ ಮನೆಯಲ್ಲಿ ನಿಂತುಕೊಂಡು ಹತ್ತು ನಿಮಿಷ ಹಾಗೇ ಎಳೆದುಕೊಂಡೇ ಇದ್ದೆ.

ಇಬ್ಬರ_ಅಮ್ಮ:
ಒಳ್ಳೇದಾಯ್ತು ಮಗಳೇ. ಇನ್ನೊಂದು ಮಾತು, ನೀನು ಮೂಗುಬೊಟ್ಟು ಹಾಕ್ತೀಯಾ? ನನ್ನ ಮಗಳದ್ದು ತೆಗೆಸಿದ್ದರು, ತೂತು ಮುಚ್ಚಿಹೋಯ್ತು.

ಇಎನ್‌ಟಿ_ಹುಬ್ಬಳ್ಳಿ:
ಹೌದು, ಆಪರೇಷನ್ ಕೋಣೆಗೆ ಲೋಹ ಹಾಕಿಕೊಂಡು ಬರುವಂತಿಲ್ಲ. ಆಮೇಲೂ ಎಷ್ಟೋ ವಾರ ಹಾಕೋಕೆ ಬಿಡಲ್ಲ. ತೂತು ಮುಚ್ಚಿದರೆ ಪೂರ್ತಿ ವಾಸಿಯಾದ ಮೇಲೆ ಮತ್ತೆ ಚುಚ್ಚಿಸಬೇಕು, ಸರ್ಜನ್ ಹೇಳಿದ ಮೇಲೆ.

ಲೀಡ್ಸ್_ಮಳೆ:
ಅಯ್ಯೋ. ಅಜ್ಜಿ ಕೊಟ್ಟ ಬಿಳಿ ಕಲ್ಲಿನ ಮೂಗುಬೊಟ್ಟು ಅದು. ತೋರಿಸೋಕೆ ಹೋಗುವಾಗಲಾದರೂ ತೆಗೀಬೇಕಾಗುತ್ತೆ ಅಂತ ಈಗ ಬಿಚ್ಚೋಕೆ ನೋಡಿದೆ, ತಿರುಪು ಅಲ್ಲಾಡ್ತಾನೇ ಇಲ್ಲ. ಎಂಟು ವರ್ಷದಿಂದ ತೆಗೆದಿಲ್ಲ.

ಇಬ್ಬರ_ಅಮ್ಮ:
ಒಳಗಡೆಯಿಂದ ಒಂದು ಹನಿ ಕೊಬ್ಬರಿ ಎಣ್ಣೆ ಬಿಡು. ಎರಡು ನಿಮಿಷ ಬಿಟ್ಟು ಎಡಕ್ಕೆ ತಿರುಗಿಸು. ಸಿಂಕ್ ಹತ್ತಿರ ಮಾತ್ರ ನಿಂತ್ಕೋಬೇಡ.